ಬ್ಲೂಸ್ ಹಾಡಿದ ಹೆಂಗಸರು

ಹಲವು ವರ್ಷಗಳ ಹಿಂದೆ ಗೆಳೆಯರ ಕೂಟವೊಂದರಲ್ಲಿ ಅಮೆರಿಕದ ಕಪ್ಪು ಜನರ ಸಂಗೀತವನ್ನು ಕುರಿತು ನಾಲ್ಕು ಮಾತನಾಡುವ ಸಂದರ್ಭ ನನಗೆ ಒದಗಿತ್ತು. ಅಂದು ನಾನು ಬೆಸ್ಸಿ ಸ್ಮಿತ್ ಎಂಬ ಗಾಯಕಿಯ ಸಾವಿನ ಕಥೆಯನ್ನು ಹೇಳಿದೆ. ೧೯೩೭ರ ಸೆಪ್ಟೆಂಬರ್ ೨೬ರ ನಸುಕಿನಲ್ಲಿ ಮಿಸಿಸಿಪಿ ರಾಜ್ಯದ ಹೆದ್ದಾರಿಯಲ್ಲಿ ಆಕೆಯ ಮೋಟಾರು ಅಪಘಾತಕ್ಕೆ ಸಿಕ್ಕಿತು, ತೋಳು ಜಜ್ಜಿಹೋಯಿತು, ರಕ್ತ ಸೋರುತ್ತಿದ್ದ ಆಕೆಯನ್ನು ಬಿಳಿಯರ ಆಸ್ಪತ್ರೆಗೆ ಒಯ್ದಾಗ ಕರಿಯಳೆಂಬ ಕಾರಣಕ್ಕೆ ಅಲ್ಲಿನವರು ಬಾಗಿಲು ಮುಚ್ಚಿದರು, ಬೇರೆಡೆಗೆ ಸಾಗಿಸುವಷ್ಟರಲ್ಲಿ ಪ್ರಾಣ ಹೋಯಿತು. ಹೀಗೆಂದು ಹೇಳಿ ನಾನು ಮಾತು ಮುಗಿಸಿದಾಗ ಸಭೆ ಮೌನವಾಗಿತ್ತು. ಒಬ್ಬಿಬ್ಬರ ಕಣ್ಣು ಒದ್ದೆಯಾದುದನ್ನೂ ಕಂಡೆ. ಭಾಷಣ ಫಲಿಸಿತೆಂದು ಒಳಗೊಳಗೇ ಹಿಗ್ಗಿಕೊಂಡು ಮನೆಗೆ ಬಂದೆ.

ಆ ಕಥೆ ನಿಜವಲ್ಲವೆಂದು ನನಗೆ ತಿಳಿದದ್ದು ಆಮೇಲೆ. ಆಕೆ ಸತ್ತ ವರ್ಷವೇ ಒಂದು ಸಂಗೀತ ಪತ್ರಿಕೆಯಲ್ಲಿ ಅದು ವದಂತಿಯಾಗಿ ಅಚ್ಚಾಯಿತು. ಎಡ್ವರ್ಡ್ ಆಲ್ಬಿ ಎಂಬ ನಾಟಕಕಾರ ಅದನ್ನೇ ಆಧರಿಸಿ ಬರೆದ ನಾಟಕ ೧೯೬೦ರಲ್ಲಿ ರಂಗಕ್ಕೆ ಬಂದ ಮೇಲಂತೂ ಅದಕ್ಕೆ ಇತಿಹಾಸದ ಪದವಿಯೇ ದೊರೆಯಿತು. ೧೯೭೨ರಲ್ಲಿ ಬೆಸ್ಸಿಯ ಜೀವನಚರಿತ್ರೆಯನ್ನು ಪ್ರಕಟಿಸಿದ ಕ್ರಿಸ್ ಆಲ್ಬರ್ಟ್‌ಸನ್, ಅಪಘಾತದ ಜಾಗಕ್ಕೆ ಅಕಸ್ಮಾತ್ತಾಗಿ ಬಂದು ಆಕೆಗೆ ಶುಶ್ರೂಷೆ ಮಾಡಿದ ವೈದ್ಯರನ್ನೇ ಕಂಡು ವಿಚಾರಿಸಿದ್ದ. ಆಕೆಯನ್ನು ನೇರವಾಗಿ ಕ್ಲಾರ್ಕ್ಸ್‌ಡೇಲ್ ಊರಿನ ಕಪ್ಪು ಜನರ ಆಸ್ಪತ್ರೆಗೇ ಒಯ್ದಿದ್ದರು. ಬಿಳಿಯರ ಆಸ್ಪತ್ರೆ ಅಲ್ಲಿಂದ ಬಹು ದೂರವೇನೂ ಇರಲಿಲ್ಲ. ಆದರೆ ಆ ಸೀಮೆಯ ಯಾವ ಆಂಬ್ಯುಲೆನ್ಸ್ ಚಾಲಕನೂ ಕರಿಯ ಹೆಂಗಸೊಬ್ಬಳನ್ನು ಅಲ್ಲಿಗೆ ಒಯ್ಯುವ ಯೋಚನೆಯನ್ನು ಸಹ ಮಾಡುತ್ತಿರಲಿಲ್ಲ. ಬಾಗಿಲು ಮುಚ್ಚುವ ಪ್ರಸಂಗವೇ ಬರಲಿಲ್ಲ, ಏಕೆಂದರೆ ತಟ್ಟಲು ಯಾರೂ ಹೋಗಲಿಲ್ಲ. ನಿಜಸಂಗತಿ ಕಟ್ಟುಕಥೆಗಿಂತ ಸೌಮ್ಯವಾದುದೆಂದು ಯಾರೂ ಹೇಳಲಾರರು.

ನನ್ನನ್ನು ಹೆಚ್ಚು ಕಾಡಿದ್ದು ಸುಳ್ಳು ಹೇಳಿದೆನೆಂಬುದಲ್ಲ. ಆಕೆಯ ಸಾವಿಗೆ ಹತ್ತು ನಿಮಿಷ ಕೊಟ್ಟ ನಾನು ಆಕೆಯ ಹಾಡಿಗೆ ಎರಡು ನಿಮಿಷ ಕೊಟ್ಟಿರಲಿಲ್ಲ. ಬದುಕಿದ್ದಾಗ ಯಾರ ಮರುಕವನ್ನೂ ಬೇಡದ ಹೆಂಗಸನ್ನು ಸತ್ತ ಮೇಲೆ ಮರುಕದ ವಸ್ತುವನ್ನಾಗಿ ಮಾಡಿದ್ದೆ. ಈ ಬರಹ ಆ ತಪ್ಪಿಗೆ ಒಂದು ಸಣ್ಣ ಪ್ರಾಯಶ್ಚಿತ್ತವೆಂದು ಓದುಗರು ಭಾವಿಸಬೇಕು.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಮೂಲಕ ಕೊನೆಗೊಂಡದ್ದು ೧೮೬೫ರಲ್ಲಿ. ಬಿಡುಗಡೆ ಹೊಂದಿದವರಿಗೆ ನೆಲ ಸಿಗಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಸಿಕ್ಕ ಮತದ ಹಕ್ಕನ್ನು ಕೆಲವೇ ದಶಕಗಳಲ್ಲಿ ಕಿತ್ತುಕೊಂಡರು. ರೈಲು, ಶಾಲೆ, ಆಸ್ಪತ್ರೆ, ಸ್ಮಶಾನ ಎಲ್ಲವನ್ನೂ ಬಣ್ಣದ ಮೇಲೆ ಬೇರ್ಪಡಿಸಿದರು. ಹೆಂಗಸರಿಗೆ ಉಳಿದದ್ದು ಬಿಳಿಯರ ಮನೆಯ ಅಡಿಗೆ, ಬಟ್ಟೆ ಒಗೆತ, ಮಕ್ಕಳ ಆರೈಕೆ, ಹೊಲದ ಕೂಲಿ. ಹಾಗಾದರೆ ಬದಲಾದದ್ದೇನು? ಏಂಜೆಲಾ ಡೇವಿಸ್ ಎಂಬ ವಿದುಷಿ ೧೯೯೮ರಲ್ಲಿ ಬ್ಲೂಸ್ ಗಾಯಕಿಯರನ್ನೇ ಕುರಿತು ಬರೆದ ಗ್ರಂಥದಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕೊಟ್ಟಿದ್ದಾಳೆ. ಮೂರು ಸಂಗತಿಗಳು ನಿಜವಾಗಿಯೂ ಬದಲಾದುವು: ಇಷ್ಟ ಬಂದ ಊರಿಗೆ ಹೋಗಬಹುದು, ಓದು ಕಲಿಯಬಹುದು, ಯಾರನ್ನು ಪ್ರೀತಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ತಾನೇ ತೀರ್ಮಾನಿಸಬಹುದು. ಸಂತೆಯಲ್ಲಿ ಗಂಡನನ್ನೊಂದು ಕಡೆ, ಮಗುವನ್ನೊಂದು ಕಡೆ ಮಾರುತ್ತಿದ್ದ ಕಾಲವನ್ನು ಕಂಡ ಜನಕ್ಕೆ ಈ ಕೊನೆಯ ಸ್ವಾತಂತ್ರ್ಯ ಎಷ್ಟು ದೊಡ್ಡದಾಗಿ ಕಂಡಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಬ್ಲೂಸ್ ಹಾಡುಗಳಲ್ಲಿ ರೈಲುಗಾಡಿಯೂ ಪ್ರೇಮವೂ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೇ.

ಬ್ಲೂಸ್‌ನ ಕಟ್ಟಡ ಬಹು ಸರಳವಾದದ್ದು. ಒಂದು ಸಾಲನ್ನು ಹಾಡುತ್ತಾರೆ. ಅದನ್ನೇ ಕೊಂಚ ಬಳುಕಿಸಿ ಮತ್ತೊಮ್ಮೆ ಹಾಡುತ್ತಾರೆ. ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಬರುತ್ತದೆ. ಸಾಲುಸಾಲಿನ ನಡುವೆ ಪಿಯಾನೋ ಅಥವಾ ತುತ್ತೂರಿ ಎದುರು ಮಾತಾಡುತ್ತದೆ. ಕಷ್ಟವನ್ನು ಎರಡು ಸಲ ಹೇಳಿ, ಮೂರನೆಯ ಸಲ ಅದನ್ನು ಏನು ಮಾಡಬೇಕೆಂದು ಹೇಳುವ ಈ ರೀತಿಯಲ್ಲಿ ಬರಿಯ ಅಳುವಿಗೆ ಜಾಗ ಕಡಿಮೆ. ದೈವಭಕ್ತರಾದ ಕಪ್ಪು ಜನ ಇದನ್ನು ಸೈತಾನನ ಸಂಗೀತವೆಂದು ಜರೆದರು. ಆದರೆ ಭಾನುವಾರ ಚರ್ಚಿನಲ್ಲಿ ಕುಳಿತವರಲ್ಲಿ ಹಲವರು ಶನಿವಾರ ರಾತ್ರಿ ಇದನ್ನು ಕೇಳಿದವರೇ ಆಗಿದ್ದರು.

ಈ ಹಾಡು ಡೇರೆಯಿಂದ ಮನೆಯೊಳಕ್ಕೆ ಬಂದದ್ದು ಗ್ರಾಮಫೋನಿನ ಮೂಲಕ. ೧೯೨೦ರ ವರೆಗೆ ಅಮೆರಿಕದ ರೆಕಾರ್ಡ್ ಕಂಪನಿಗಳಿಗೆ ಒಂದು ನಂಬಿಕೆ ಇತ್ತು: ಕಪ್ಪು ಜನ ಪ್ಲೇಟು ಕೊಳ್ಳುವವರಲ್ಲ. ಪೆರಿ ಬ್ರಾಡ್‌ಫರ್ಡ್ ಎಂಬ ಕರಿಯ ಗೀತಕಾರ ಕಂಪನಿಯಿಂದ ಕಂಪನಿಗೆ ಅಲೆದು, ಕೊನೆಗೆ ಓಕೆ ಎಂಬ ಕಂಪನಿಯನ್ನು ಒಪ್ಪಿಸಿ, ೧೯೨೦ರ ಆಗಸ್ಟ್ ೧೦ರಂದು ನ್ಯೂಯಾರ್ಕಿನಲ್ಲಿ ಮೇಮೀ ಸ್ಮಿತ್ ಎಂಬಾಕೆಯಿಂದ ‘ಕ್ರೇಜಿ ಬ್ಲೂಸ್’ ಹಾಡಿಸಿದ. ಒಂದೇ ತಿಂಗಳಲ್ಲಿ ೭೫,೦೦೦ ಪ್ಲೇಟು ಮಾರಾಟವಾದವೆಂದು ಲೆಕ್ಕ ಹೇಳುತ್ತಾರೆ. ಇದುವರೆಗೆ ಲೆಕ್ಕಕ್ಕೇ ಇಲ್ಲದ ಗಿರಾಕಿಗಳು ಅಂಗಡಿಯ ಮುಂದೆ ಸಾಲುಗಟ್ಟಿ ನಿಂತರು. ಮುಂದಿನ ಕೆಲವು ವರ್ಷ ಕಂಪನಿಗಳು ಬ್ಲೂಸ್ ಹಾಡಬಲ್ಲ ಕಪ್ಪು ಹೆಂಗಸರನ್ನು ಹುಡುಕಿಕೊಂಡು ಹೊರಟವು.

ಇಲ್ಲಿ ನಮ್ಮ ಕಡೆಯ ಒಬ್ಬಾಕೆಯ ನೆನಪು ಬಾರದಿರದು. ಗೌಹರ್ ಜಾನ್ ೧೯೦೨ರಲ್ಲಿಯೇ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ್ದಳು; ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆಕೆಗೂ ಬೆಸ್ಸಿಗೂ ಹಾಡಿನಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ಎರಡು ದೇಶಗಳಲ್ಲಿಯೂ ನಡೆದದ್ದು ಒಂದೇ. ಮರ್ಯಾದಸ್ಥರು ಹೊಸ್ತಿಲಿನ ಒಳಗೆ ಕರೆಯದಿದ್ದ ಹೆಂಗಸರ ಕಂಠ, ಒಂದು ಅರಗಿನ ಪ್ಲೇಟನ್ನೇರಿ ಅದೇ ಮರ್ಯಾದಸ್ಥರ ಹಜಾರಕ್ಕೆ ಬಂದು ಕುಳಿತಿತು.

ಮೇಮೀ ಸ್ಮಿತ್ ಬಾಗಿಲು ತೆರೆದಳು. ಅದರಲ್ಲಿ ಹಾಯ್ದು ಬಂದವರಲ್ಲಿ ಹಿರಿಯಳು ಮಾ ರೇನಿ. ಗರ್ಟ್ರೂಡ್ ಪ್ರಿಜೆಟ್ ಎಂಬುದು ಆಕೆಯ ಹುಟ್ಟು ಹೆಸರು. ಜಾರ್ಜಿಯಾ ರಾಜ್ಯದ ಕೊಲಂಬಸ್ ಆಕೆಯ ಊರು. ೧೯೦೪ರಲ್ಲಿ ವಿಲ್ ರೇನಿ ಎಂಬ ನಟನನ್ನು ಮದುವೆಯಾಗಿ ದಕ್ಷಿಣದ ಊರೂರುಗಳಲ್ಲಿ ಡೇರೆ ಕಟ್ಟಿ ಹಾಡುತ್ತ ತಿರುಗಿದವಳು. ೧೯೨೩ರ ಕೊನೆಯಿಂದ ೧೯೨೮ರ ವರೆಗೆ ಪ್ಯಾರಾಮೌಂಟ್ ಎಂಬ ಕಂಪನಿಗೆ ನೂರರ ಹತ್ತಿರ ಹಾಡುಗಳನ್ನು ಹಾಡಿದಳು. ಕುರ್ಚಿ ಮಾಡುವ ಕಾರ್ಖಾನೆಯವರು ಗ್ರಾಮಫೋನ್ ಪೆಟ್ಟಿಗೆ ಮಾಡಲು ಹೋಗಿ, ಪೆಟ್ಟಿಗೆಯ ಜೊತೆಗೆ ಮಾರಲು ಪ್ಲೇಟೂ ಬೇಕೆಂದು ತೆರೆದ ಕಂಪನಿ ಅದು! ರೇನಿ ರಂಗಕ್ಕೆ ಬರುವ ವೈಖರಿಯನ್ನು ಆಕೆಯ ಪಿಯಾನೋ ವಾದಕ ಥಾಮಸ್ ಡಾರ್ಸಿ ಬಣ್ಣಿಸಿದ್ದಾನೆ. ರಂಗದ ಮೇಲೆ ಆಳೆತ್ತರದ ಗ್ರಾಮಫೋನ್ ಪೆಟ್ಟಿಗೆ. ಒಬ್ಬ ಹುಡುಗಿ ಬಂದು ದೊಡ್ಡ ಪ್ಲೇಟೊಂದನ್ನು ಅದರಲ್ಲಿಡುತ್ತಾಳೆ. ಒಳಗಿನಿಂದ ಹಾಡು ಕೇಳಿಸುತ್ತದೆ. ಆಮೇಲೆ ಪೆಟ್ಟಿಗೆಯ ಬಾಗಿಲು ತೆರೆದು, ಚಿನ್ನದ ಹಲ್ಲು, ಚಿನ್ನದ ನಾಣ್ಯದ ಸರ ಮಿಂಚಿಸುತ್ತ ರೇನಿಯೇ ಹೊರಗೆ ಬರುತ್ತಾಳೆ. ಈ ಡಾರ್ಸಿಯೇ ಮುಂದೆ ಚರ್ಚಿನ ಗಾಸ್ಪೆಲ್ ಸಂಗೀತದ ಪಿತಾಮಹನೆನಿಸಿದ ಎಂಬುದನ್ನು ನೆನೆದರೆ, ಸೈತಾನನ ಮನೆಗೂ ದೇವರ ಮನೆಗೂ ನಡುವಣ ಗೋಡೆ ಎಷ್ಟು ತೆಳುವಾಗಿತ್ತೆಂಬುದು ಗೊತ್ತಾಗುತ್ತದೆ.

೧೯೨೮ರಲ್ಲಿ ರೇನಿ ಹಾಡಿದ ‘ಪ್ರೂವ್ ಇಟ್ ಆನ್ ಮೀ ಬ್ಲೂಸ್’ ಎಂಬ ಹಾಡು ಹೆಂಗಸು ಹೆಂಗಸನ್ನು ಮೆಚ್ಚುವ ಮಾತನ್ನು ಬಹಿರಂಗವಾಗಿಯೇ ಆಡುತ್ತದೆ. ಕಂಪನಿಯ ಜಾಹೀರಾತಿನ ಚಿತ್ರದಲ್ಲಿ ಕೋಟು, ಟೈ, ಟೋಪಿ ಧರಿಸಿದ ರೇನಿ ಇಬ್ಬರು ತರುಣಿಯರೊಡನೆ ಮಾತಾಡುತ್ತ ನಿಂತಿದ್ದಾಳೆ. ದೂರದಲ್ಲಿ ಪೋಲೀಸಿನವನೊಬ್ಬ ನೋಡುತ್ತಿದ್ದಾನೆ. ವಿಶ್ವವಿದ್ಯಾಲಯಗಳ ವಿದ್ವಾಂಸರು ಇಂಥ ವಿಷಯದಲ್ಲಿ ಬಾಯಿ ಬಿಡಲು ಇನ್ನೂ ಎಷ್ಟೋ ದಶಕಗಳು ಬೇಕಾದುವು.

ಅದೇ ವರ್ಷ, ಆಕೆಯ ಶೈಲಿ ಹಳತಾಯಿತೆಂದು ಕಂಪನಿ ರೆಕಾರ್ಡು ಮಾಡುವುದನ್ನು ನಿಲ್ಲಿಸಿತು. ರೇನಿ ಊರಿಗೆ ಮರಳಿ ನಾಟಕಶಾಲೆಗಳನ್ನು ನಡೆಸಿಕೊಂಡಿದ್ದು ೧೯೩೯ರಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಆಕೆಯ ಉದ್ಯೋಗದ ಕಡೆ ಬರೆದದ್ದು ‘ಮನೆಗೆಲಸ’ ಎಂದು. ಬರೆದವನಿಗೆ ದ್ವೇಷವೇನೂ ಇದ್ದಿರಲಾರದು. ಕರಿಯ ಹೆಂಗಸೆಂದ ಮೇಲೆ ಮತ್ತೇನು ಕೆಲಸವಿದ್ದೀತು ಎಂದು ಅವನ ಲೇಖನಿಯೇ ತೀರ್ಮಾನಿಸಿತ್ತು.

ಇನ್ನು ಬೆಸ್ಸಿ ಸ್ಮಿತ್. ಟೆನೆಸಿ ರಾಜ್ಯದ ಚಟನೂಗ ಊರಿನ ಬಡ ಕುಟುಂಬದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣ ಗಿಟಾರ್ ನುಡಿಸಲು ತಾನು ಬೀದಿಯಲ್ಲಿ ಹಾಡಿ ಚಿಲ್ಲರೆ ಕಾಸು ಸಂಪಾದಿಸಿದ ಹುಡುಗಿ. ೧೯೧೨ರಲ್ಲಿ ನಾಟಕ ತಂಡವೊಂದನ್ನು ಸೇರಿದಳು. ಅದರಲ್ಲಿ ರೇನಿಯೂ ಇದ್ದಳು. ೧೯೨೩ರ ಫೆಬ್ರವರಿಯಲ್ಲಿ ಕೊಲಂಬಿಯಾ ಕಂಪನಿಗೆ ಹಾಡಿದ ‘ಡೌನ್‌ಹಾರ್ಟೆಡ್ ಬ್ಲೂಸ್’ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಕಂಪನಿ ಹಣದ ಮುಗ್ಗಟ್ಟಿನಲ್ಲಿದ್ದ ವರ್ಷವದು. ಆಕೆಯ ಕಂಠ ಅದಕ್ಕೆ ಊರುಗೋಲಾಯಿತು. ಆದರೆ ಕರಾರಿನಲ್ಲಿ ಒಪ್ಪಿಗೆಯಾದ ಹಾಡೊಂದಕ್ಕೆ ೧೨೫ ಡಾಲರಿನಂತೆ ಕೂಲಿ ಇತ್ತೇ ಹೊರತು ಮಾರಾಟದ ಮೇಲೆ ಗೌರವಧನವಿರಲಿಲ್ಲ. ಸಾವಿರ ಪ್ರತಿ ಹೋದರೂ ಅಷ್ಟೆ, ಲಕ್ಷ ಪ್ರತಿ ಹೋದರೂ ಅಷ್ಟೆ. ಸುಮಾರು ೧೬೦ ಹಾಡುಗಳನ್ನು ಆಕೆ ಹೀಗೆ ಹಾಡಿಕೊಟ್ಟಳು.

ಆದರೂ ರಂಗದ ಮೇಲಿನ ಸಂಪಾದನೆಯಲ್ಲಿ ಆ ಕಾಲದ ಕಪ್ಪು ಕಲಾವಿದರಲ್ಲೆಲ್ಲ ಆಕೆಯೇ ಮುಂದು. ದಕ್ಷಿಣದ ಊರುಗಳಲ್ಲಿ ಕರಿಯರಿಗೆ ಹೋಟೆಲಿನಲ್ಲಿ ಕೋಣೆ ಸಿಗುತ್ತಿರಲಿಲ್ಲ. ರೈಲಿನಲ್ಲಿ ಬೇರೆ ಡಬ್ಬಿ. ಬೆಸ್ಸಿ ೧೯೨೫ರಲ್ಲಿ ತನ್ನದೇ ಒಂದು ರೈಲುಡಬ್ಬಿಯನ್ನು ಮಾಡಿಸಿಕೊಂಡಳು. ಅಡಿಗೆಮನೆ, ಬಚ್ಚಲು, ಮಲಗುವ ಕೋಣೆ ಎಲ್ಲ ಅದರಲ್ಲಿಯೇ. ತಂಡವೆಲ್ಲ ಅದರಲ್ಲಿ ಕುಳಿತು ಊರಿಂದೂರಿಗೆ ಹೋಯಿತು. ಅವಮಾನದ ವಿರುದ್ಧ ಭಾಷಣ ಮಾಡುವುದು ಒಂದು ದಾರಿ. ಅವಮಾನ ಮುಟ್ಟದ ಮನೆಯೊಂದನ್ನು ಚಕ್ರದ ಮೇಲೆ ಕಟ್ಟಿಕೊಳ್ಳುವುದು ಇನ್ನೊಂದು ದಾರಿ. ೧೯೨೭ರಲ್ಲಿ ಉತ್ತರ ಕೆರೊಲಿನದ ಕಾನ್‌ಕಾರ್ಡ್ ಊರಿನಲ್ಲಿ ಕು ಕ್ಲಕ್ಸ್ ಕ್ಲಾನ್ ಮುಸುಕಿನವರು ಡೇರೆಯ ಗೂಟ ಕೀಳಲು ಬಂದಾಗ, ಬೆಸ್ಸಿ ಒಬ್ಬಳೇ ಹೊರಗೆ ಹೋಗಿ ಬೈದು ಅಟ್ಟಿದ ಪ್ರಸಂಗವನ್ನು ಆಕೆಯೊಡನೆ ಇದ್ದವರು ಹೇಳುತ್ತಿದ್ದರು. ಅಟ್ಟಿ ಬಂದವಳು ಹಾಡನ್ನು ಬಿಟ್ಟ ಕಡೆಯಿಂದ ಮುಂದುವರಿಸಿದಳಂತೆ.

‘ಡೌನ್‌ಹಾರ್ಟೆಡ್ ಬ್ಲೂಸ್’ ಬರೆದವರೂ ಇಬ್ಬರು ಹೆಂಗಸರು ಎಂಬುದು ಹಲವರಿಗೆ ತಿಳಿಯದು. ರಾಗ ಕಟ್ಟಿದವಳು ಪಿಯಾನೋ ವಾದಕಿ ಲವೀ ಆಸ್ಟಿನ್. ಮಾತು ಕಟ್ಟಿದವಳು ಆಲ್ಬರ್ಟಾ ಹಂಟರ್. ಹಂಟರಳ ಬಾಳು ಒಂದು ಕಾದಂಬರಿಗೆ ಸಾಲುವಂಥದು. ಮೆಂಫಿಸ್‌ನಲ್ಲಿ ೧೮೯೫ರಲ್ಲಿ ಹುಟ್ಟಿ, ಷಿಕಾಗೊ, ಲಂಡನ್, ಪ್ಯಾರಿಸ್‌ಗಳಲ್ಲಿ ಹಾಡಿ ಹೆಸರಾದ ಆಕೆ, ಅರವತ್ತು ದಾಟಿದ ಮೇಲೆ ಸಂಗೀತ ಬಿಟ್ಟು, ವಯಸ್ಸನ್ನು ಹನ್ನೆರಡು ವರ್ಷ ತಗ್ಗಿಸಿ ಹೇಳಿ, ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಸೇರಿದಳು. ಇಪ್ಪತ್ತು ವರ್ಷ ದುಡಿದಳು. ೧೯೭೭ರಲ್ಲಿ ಎಪ್ಪತ್ತು ತುಂಬಿತೆಂದು ನಿವೃತ್ತಿ ಮಾಡಿದಾಗ ಆಕೆಗೆ ಎಂಬತ್ತೆರಡು. ಅದೇ ವರ್ಷ ಮತ್ತೆ ಹಾಡಲು ನಿಂತು, ೧೯೮೪ರಲ್ಲಿ ಸಾಯುವ ವರೆಗೂ ಹೊಸ ಪೀಳಿಗೆಯ ಮೆಚ್ಚುಗೆ ಗಳಿಸಿದಳು.

ಈ ಹಾಡುಗಳಲ್ಲಿ ಏನಿದೆ? ಡೇವಿಸ್ ಹಳೆಯ ಪ್ಲೇಟುಗಳ ಗರಗರದ ನಡುವಿನಿಂದ ರೇನಿ, ಬೆಸ್ಸಿ ಇಬ್ಬರ ಹಾಡುಗಳ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡು ಗ್ರಂಥದ ಕೊನೆಗೆ ಸೇರಿಸಿದ್ದಾಳೆ. ಅವುಗಳಲ್ಲಿ ಮದುವೆಯ ಸುಖ, ಮನೆಯ ನೆಮ್ಮದಿ, ತಾಯ್ತನದ ಮಹಿಮೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ಊರು ಬಿಟ್ಟು ಹೊರಟ ಹೆಂಗಸರಿದ್ದಾರೆ. ಮೋಸ ಮಾಡಿದ ಗಂಡಸನ್ನು ಹೊರದೂಡುವವರಿದ್ದಾರೆ. ಕುಡಿಯುವವರು, ಜೈಲಿಗೆ ಹೋದವರು ಇದ್ದಾರೆ. ೧೯೨೭ರ ‘ಬ್ಯಾಕ್ ವಾಟರ್ ಬ್ಲೂಸ್’ ನೆರೆಯಲ್ಲಿ ಮನೆ ಕಳೆದುಕೊಂಡವಳ ಹಾಡು. ೧೯೨೮ರ ‘ವಾಷ್‌ವುಮನ್ಸ್ ಬ್ಲೂಸ್’ ಬಟ್ಟೆ ಒಗೆಯುವವಳ ದುಡಿಮೆಯ ಹಾಡು. ಅದೇ ವರ್ಷದ ‘ಪೂವರ್ ಮ್ಯಾನ್ಸ್ ಬ್ಲೂಸ್’ ಸಿರಿವಂತರಿಗೆ ನೇರವಾಗಿ ಕೇಳುವ ಪ್ರಶ್ನೆ. ಪುಸ್ತಕ ಬರೆಯುವ ಅನುಕೂಲವಿಲ್ಲದ ಲಕ್ಷಾಂತರ ಹೆಂಗಸರ ಬಾಳಿಗೆ ಈ ಪ್ಲೇಟುಗಳೇ ದಫ್ತರ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಹೇಳಬೇಕು. ಆ ಕಾಲದ ಕಪ್ಪು ಮಹಿಳೆಯರ ಮುಂದಾಳುಗಳು ಈ ಗಾಯಕಿಯರನ್ನು ಮೆಚ್ಚಲಿಲ್ಲ. ೧೮೯೬ರಲ್ಲಿ ಮೇರಿ ಚರ್ಚ್ ಟೆರೆಲ್‌ಳ ಅಧ್ಯಕ್ಷತೆಯಲ್ಲಿ ಸ್ಥಾಪನೆಯಾದ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘ ಶಾಲೆ, ಶಿಶುವಿಹಾರಗಳನ್ನು ತೆರೆದು ಬಹಳ ದೊಡ್ಡ ಕೆಲಸ ಮಾಡಿತು. ಕರಿಯ ಹೆಂಗಸೆಂದರೆ ನಡತೆಗೆಟ್ಟವಳೆಂಬ ಅಪವಾದವನ್ನು ಬಿಳಿಯರು ಹೊರಿಸಿದ್ದ ಕಾಲದಲ್ಲಿ, ಸಭ್ಯತೆಯೇ ಅವರಿಗೆ ಗುರಾಣಿ. ರಂಗದ ಮೇಲೆ ಹಾಸಿಗೆಯ ಮಾತನ್ನಾಡುವ ಬೆಸ್ಸಿ ಆ ಗುರಾಣಿಯಲ್ಲಿ ತೂತು ಕೊರೆಯುತ್ತಿರುವಂತೆ ಅವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ನಾವೂ ಮಧ್ಯಮವರ್ಗದವರು, ಈ ಸಂಕೋಚ ನಮಗೆ ಅರ್ಥವಾಗದ್ದಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿನವಾದದ್ದು. ಈ ಹಾಡುಗಳಲ್ಲಿ ಕೆಲವು, ಹೊಡೆಯುವ ಗಂಡಸನ್ನು ಸಹಿಸುವ ಹೆಂಗಸಿನ ಬಾಯಿಂದ ಬಂದಿವೆ. ಬೆಸ್ಸಿಯ ಸ್ವಂತ ದಾಂಪತ್ಯದಲ್ಲಿಯೂ ಹೊಡೆತವಿತ್ತು. ಇದನ್ನು ಸ್ತ್ರೀಸ್ವಾತಂತ್ರ್ಯದ ಹಾಡೆನ್ನುವುದು ಹೇಗೆ?

ನನಗೆ ತೋರುವ ಸಮಾಧಾನ ಇಷ್ಟು. ಹೊಡೆತವನ್ನು ನಾಲ್ಕು ಗೋಡೆಯೊಳಗೆ ಮುಚ್ಚಿಡುವುದು ಸಭ್ಯತೆಯ ಪದ್ಧತಿ. ಅದನ್ನು ಸಾವಿರ ಹೆಂಗಸರು ಕುಳಿತ ಡೇರೆಯಲ್ಲಿ ಹಾಡಿದಾಗ, ಕೇಳುವವಳಿಗೆ ಇದು ನನ್ನೊಬ್ಬಳ ಹಣೆಬರಹವಲ್ಲ ಎಂಬುದಾದರೂ ತಿಳಿಯುತ್ತದೆ. ಪರಿಹಾರ ಅಲ್ಲಿಲ್ಲ, ನಿಜ. ಆದರೆ ಬಾಯಿ ಬಿಡದೆ ಪರಿಹಾರಕ್ಕೆ ಹೊರಟವರಾರು? ೧೯೭೭ರಲ್ಲಿ ಬಾಸ್ಟನ್ನಿನ ಕೊಂಬಾಹೀ ರಿವರ್ ಕಲೆಕ್ಟಿವ್ ಎಂಬ ಕಪ್ಪು ಸ್ತ್ರೀವಾದಿಗಳ ಬಳಗ ತನ್ನ ಪ್ರಣಾಳಿಕೆಯಲ್ಲಿ ಬಣ್ಣ, ಹೆಣ್ತನ, ಬಡತನ ಮೂರರ ದಬ್ಬಾಳಿಕೆಯೂ ಒಂದರೊಳಗೊಂದು ಹೆಣೆದುಕೊಂಡಿದೆಯೆಂದು ವಾದಿಸಿತು. ಒಗೆಯುವವಳ ಹಾಡನ್ನು ಕೇಳಿದವರಿಗೆ ಆ ಹೆಣಿಗೆ ಐವತ್ತು ವರ್ಷ ಮೊದಲೇ ಪರಿಚಿತವಾಗಿತ್ತು.

ಆ ದನಿ ಅಲ್ಲಿಗೆ ನಿಲ್ಲಲಿಲ್ಲ. ೧೯೩೯ರಲ್ಲಿ ಬಿಲ್ಲೀ ಹಾಲಿಡೇ, ಮರಕ್ಕೆ ನೇತುಹಾಕಿ ಕೊಂದ ಕರಿಯರನ್ನು ಕುರಿತ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ತನ್ನ ಕಂಪನಿ ಮುದ್ರಿಸಲೊಪ್ಪದಿದ್ದಾಗ ಕಮೊಡೋರ್ ಎಂಬ ಚಿಕ್ಕ ಕಂಪನಿಯಲ್ಲಿ ಹಾಡಿದಳು. ನೀನಾ ಸಿಮೋನ್ ಬಾಲ್ಯದಲ್ಲಿಯೇ, ತನ್ನ ಪಿಯಾನೋ ಕಛೇರಿಯಲ್ಲಿ ತಂದೆತಾಯಿಗಳನ್ನು ಹಿಂದಿನ ಸಾಲಿಗೆ ಎಬ್ಬಿಸಿದಾಗ, ಅವರನ್ನು ಮುಂದೆ ಕೂರಿಸುವ ವರೆಗೆ ನುಡಿಸುವುದಿಲ್ಲವೆಂದು ಹಟ ಹಿಡಿದವಳು. ೧೯೬೩ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಚರ್ಚಿನಲ್ಲಿ ಬಾಂಬಿಗೆ ನಾಲ್ವರು ಹುಡುಗಿಯರು ಬಲಿಯಾದಾಗ ‘ಮಿಸಿಸಿಪಿ ಗಾಡ್‌ಡ್ಯಾಮ್’ ಬರೆದಳು. ಗಂಡಸೊಬ್ಬ ೧೯೬೫ರಲ್ಲಿ ಹಾಡಿದ್ದ ‘ರೆಸ್ಪೆಕ್ಟ್’ ಎಂಬ ಹಾಡನ್ನು ೧೯೬೭ರಲ್ಲಿ ಅರೀಥಾ ಫ್ರಾಂಕ್ಲಿನ್ ಹೆಂಗಸಿನ ಬಾಯಿಗೆ ತಿರುಗಿಸಿಕೊಂಡಾಗ ಅದು ಒಂದು ಚಳವಳಿಯ ಕೂಗಾಯಿತು. ಆದರೆ ಅಮೆರಿಕದ ಕಾನೂನಿನಂತೆ ಆಕಾಶವಾಣಿಯಲ್ಲಿ ಹಾಡು ಹಾಕಿದರೆ ಹಣ ಬರೆದವನಿಗೆ, ಹಾಡಿದವಳಿಗಲ್ಲ. ೨೦೧೮ರಲ್ಲಿ ಆಕೆ ಸಾಯುವ ವರೆಗೂ ತನ್ನ ದೇಶದ ಆಕಾಶವಾಣಿ ನಿಲಯಗಳು ಆ ಹಾಡನ್ನು ಹಾಕಿದ್ದಕ್ಕೆ ಆಕೆಗೆ ಒಂದು ಕಾಸೂ ಬರಲಿಲ್ಲ. ೧೨೫ ಡಾಲರಿನ ಕರಾರಿನ ನೆರಳು ಇಷ್ಟು ಉದ್ದ!

ಕೊನೆಗೆ ಮತ್ತೆ ಬೆಸ್ಸಿಯ ವಿಷಯ. ಫಿಲಡೆಲ್ಫಿಯದಲ್ಲಿ ಆಕೆಯ ಶವಸಂಸ್ಕಾರಕ್ಕೆ ಸಾವಿರಾರು ಜನ ನೆರೆದಿದ್ದರು. ಆದರೆ ಗೋರಿಯ ಮೇಲೆ ಹೆಸರಿನ ಕಲ್ಲು ಏಳಲಿಲ್ಲ. ಮೂವತ್ತಮೂರು ವರ್ಷ ಬರಿಯ ಹುಲ್ಲು. ಅಷ್ಟರಲ್ಲಿ ಆಕೆಯ ಸಾವಿನ ಕಥೆ ನಾಟಕವಾಯಿತು, ಪ್ಲೇಟುಗಳು ಮತ್ತೆ ಮತ್ತೆ ಮಾರಾಟವಾದುವು, ಮರುಗುವವರಿಗೇನೂ ಕೊರತೆಯಾಗಲಿಲ್ಲ. ೧೯೭೦ರ ಆಗಸ್ಟಿನಲ್ಲಿ ಕಲ್ಲು ನಿಂತಿತು. ಖರ್ಚು ಹಂಚಿಕೊಂಡವರು ಇಬ್ಬರು. ಒಬ್ಬಳು ಜಾನಿಸ್ ಜಾಪ್ಲಿನ್, ಬೆಸ್ಸಿಯನ್ನು ಕೇಳಿ ಹಾಡು ಕಲಿತ ಬಿಳಿಯ ಗಾಯಕಿ. ಇನ್ನೊಬ್ಬಳು ಹ್ವಾನಿಟಾ ಗ್ರೀನ್, ಚಿಕ್ಕಂದಿನಲ್ಲಿ ಬೆಸ್ಸಿಯ ಮನೆಯ ನೆಲ ಉಜ್ಜುತ್ತಿದ್ದವಳು.

ಅಂದಿನ ಕೂಟದ ಗೆಳೆಯರಲ್ಲಿ ಕೆಲವರು ಈಗ ಇಲ್ಲ. ಉಳಿದವರು ಇದನ್ನು ಓದಿದರೆ, ಆ ಸಂಜೆ ನಾನು ಹೇಳಿದ ಆಸ್ಪತ್ರೆಯ ಕಥೆಯನ್ನು ಮರೆತು, ನೆಲ ಉಜ್ಜಿದವಳು ಕಲ್ಲು ನಿಲ್ಲಿಸಿದ ಈ ಸಂಗತಿಯನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ಸಾಧ್ಯವಾದರೆ ಬೆಸ್ಸಿಯ ಒಂದು ಹಾಡನ್ನೂ ಕೇಳಲಿ. ಮೂರೇ ನಿಮಿಷದ ಹಾಡು. ನನ್ನ ಭಾಷಣದಷ್ಟು ಉದ್ದವಿಲ್ಲ.